ಹೆಸರು ಅದೇ, ದಫ್ತರ ಬೇರೆ!

ಚೋರನೂರಿನ ಶಾಲೆಯೊಂದರಲ್ಲಿ ಏಳನೆಯ ತರಗತಿ ಮುಗಿಸಿದ ಹುಡುಗಿಯೊಬ್ಬಳು ಸಂಡೂರಿನ ಶಾಲೆಗೆ ಸೇರಬೇಕಾಗಿದೆ ಎಂದಿಟ್ಟುಕೊಳ್ಳಿ. ಹೊಸ ಶಾಲೆಯವರು ಮೊದಲು ಕೇಳುವುದು ಏನನ್ನು? ವರ್ಗಾವಣೆ ಪತ್ರವನ್ನು. ಊರಲ್ಲೆಲ್ಲ ‘ಟಿ.ಸಿ.’ ಎಂದೇ ಹೆಸರಾದ ಈ ಕಾಗದವನ್ನು ಕೊಡಬೇಕಾದವರು ಹಳೆಯ ಶಾಲೆಯವರು, ಪಡೆಯಬೇಕಾದವರು ಹೊಸ ಶಾಲೆಯವರು, ಎರಡರ ನಡುವೆ ಓಡಾಡಬೇಕಾದವರು ಹುಡುಗಿಯ ತಂದೆ-ತಾಯಿ. ಶಾಲೆ ಬದಲಾದರೂ ಹುಡುಗಿಯ ಹೆಸರು ಬದಲಾಗುವುದಿಲ್ಲ, ಹುಟ್ಟಿದ ದಿನಾಂಕ ಬದಲಾಗುವುದಿಲ್ಲ. ಕರ್ನಾಟಕದ ವಿದ್ಯಾರ್ಥಿಗಳಿಗೆಲ್ಲ ಈಗ ಸ್ಯಾಟ್ಸ್ ಸಂಖ್ಯೆ ಎಂಬುದೊಂದಿದೆಯಲ್ಲ, ಅದೂ ಬದಲಾಗುವುದಿಲ್ಲ. ರಾಜ್ಯದ ದೊಡ್ಡ ದಫ್ತರದಲ್ಲಿ ಆ ಸಂಖ್ಯೆಯ ಎದುರು ಬರೆದಿರುವ ಶಾಲೆಯ ಹೆಸರು ಮಾತ್ರ ಬದಲಾಗುತ್ತದೆ.

ಇಂಟರ್ನೆಟ್ಟಿನಲ್ಲಿ ಹೆಸರುಗಳಿಗೂ ಇಂಥದೇ ಟಿ.ಸಿ. ಉಂಟು ಎಂದರೆ ಅನೇಕರಿಗೆ ಆಶ್ಚರ್ಯವಾದೀತು. ಶಾಲೆ, ಅಂಗಡಿ, ಸಹಕಾರ ಸಂಘ, ಮಠ, ಪತ್ರಿಕೆ, ಹೀಗೆ ಯಾರೇ ಜಾಲತಾಣ ತೆರೆಯಲಿ, ಅದಕ್ಕೊಂದು ಹೆಸರು ಬೇಕು. ಭಾರತದಲ್ಲಿ ಅಂಥ ಹೆಸರುಗಳು ಸಾಮಾನ್ಯವಾಗಿ ‘ಡಾಟ್ ಇನ್’ ಎಂದು ಕೊನೆಗೊಳ್ಳುತ್ತವೆ. ಈ ಹೆಸರನ್ನು ಒಂದು ಕಂಪನಿಯ ಮೂಲಕ ನೋಂದಾಯಿಸಿದವರು, ಅದರ ಸೇವೆ ಹಿಡಿಸದಿದ್ದರೆ ಅಥವಾ ಶುಲ್ಕ ದುಬಾರಿಯೆನಿಸಿದರೆ, ಹೆಸರನ್ನು ಬಿಟ್ಟುಕೊಡದೆ ಬೇರೊಂದು ಕಂಪನಿಗೆ ಹೋಗಬಹುದು. ಹೋಗುವುದಕ್ಕೆ ನಿಯಮಗಳಿವೆ. ನಿಯಮ ತಿಳಿಯದೆ ವರ್ಷಗಟ್ಟಲೆ ಬಳಸಿದ ಹೆಸರನ್ನು ಕಳೆದುಕೊಂಡವರೂ ಇದ್ದಾರೆ.

ಮೂರು ಪಾತ್ರಧಾರಿಗಳು

ಈ ವ್ಯವಹಾರದಲ್ಲಿ ಮೂವರಿದ್ದಾರೆ. ಮೊದಲನೆಯವರು ಹೆಸರಿನ ಒಡೆಯರು, ಅಂದರೆ ಹಣ ಕೊಟ್ಟು ಹೆಸರು ಪಡೆದವರು. ಎರಡನೆಯದು ರಿಜಿಸ್ಟ್ರಾರ್. ಇದು ಹೆಸರನ್ನು ಮಾರುವ, ಪ್ರತಿವರ್ಷ ಶುಲ್ಕ ವಸೂಲು ಮಾಡುವ ಕಂಪನಿ. ಮೂರನೆಯದು ರಿಜಿಸ್ಟ್ರಿ, ಅಂದರೆ ದೇಶಕ್ಕೆ ಒಂದೇ ಆದ ಮೂಲ ದಫ್ತರ. ಯಾವ ಹೆಸರು ಯಾರದು, ಯಾವ ರಿಜಿಸ್ಟ್ರಾರ್ ಬಳಿ ಇದೆ, ಯಾವ ದಿನ ಅವಧಿ ಮುಗಿಯುತ್ತದೆ ಎಂಬುದೆಲ್ಲ ಅಲ್ಲಿ ದಾಖಲಾಗಿರುತ್ತದೆ. ರಿಜಿಸ್ಟ್ರಾರ್‌ಗಳು ಎಷ್ಟು ಬೇಕಾದರೂ ಇರಬಹುದು, ರಿಜಿಸ್ಟ್ರಿ ಮಾತ್ರ ಒಂದೇ. ಹಾಗಿಲ್ಲದಿದ್ದರೆ ಒಂದೇ ಹೆಸರನ್ನು ಇಬ್ಬರಿಗೆ ಮಾರುವ ಪ್ರಸಂಗ ಬರುತ್ತಿತ್ತು!

ಹೆಸರುಗಳ ಈ ಏರ್ಪಾಟು ಅಮೆರಿಕದ ಪಾಲ್ ಮೊಕಪೆಟ್ರಿಸ್ ಎಂಬ ಕಂಪ್ಯೂಟರ್ ವಿಜ್ಞಾನಿ 1983ರಲ್ಲಿ ರೂಪಿಸಿದ್ದು. ಅದಕ್ಕೂ ಮೊದಲು ಜಾಲದಲ್ಲಿದ್ದ ಎಲ್ಲ ಕಂಪ್ಯೂಟರುಗಳ ಹೆಸರನ್ನೂ ಒಂದೇ ಪಟ್ಟಿಯಲ್ಲಿ ಬರೆದಿಡುತ್ತಿದ್ದರು. ಕಂಪ್ಯೂಟರುಗಳು ಹೆಚ್ಚಿದಂತೆ ಆ ಪಟ್ಟಿ ನಿಭಾಯಿಸಲಾಗದಷ್ಟು ಬೆಳೆಯಿತು. ಮೊಕಪೆಟ್ರಿಸ್ ಸೂಚಿಸಿದ್ದು ಮರದಂಥ ರಚನೆಯನ್ನು. ಬೇರಿನಿಂದ ಕಾಂಡ, ಕಾಂಡದಿಂದ ಕೊಂಬೆ, ಕೊಂಬೆಯಿಂದ ರೆಂಬೆ. ಪ್ರತಿ ಕೊಂಬೆಯ ಹೊಣೆಯೂ ಬೇರೆ ಬೇರೆಯವರದು.

ದೇಶಗಳಿಗೆ ಎರಡಕ್ಷರದ ಕೊಂಬೆ ದೊರೆತದ್ದು 1985ರಿಂದ. ಆದರೆ ಯಾವುದು ದೇಶ, ಯಾವುದಲ್ಲ ಎಂದು ತೀರ್ಮಾನಿಸುವವರು ಯಾರು? ಇಂಟರ್ನೆಟ್ಟಿನ ಆರಂಭದ ದಿನಗಳಲ್ಲಿ ಈ ಪಟ್ಟಿಯನ್ನು ನೋಡಿಕೊಳ್ಳುತ್ತಿದ್ದ ಜಾನ್ ಪೋಸ್ಟೆಲ್ ಇದಕ್ಕೊಂದು ಜಾಣ ಉಪಾಯ ಹುಡುಕಿದರು. ಆ ಜಗಳವೇ ಬೇಡವೆಂದು, ಅಂತಾರಾಷ್ಟ್ರೀಯ ಮಾನಕ ಸಂಸ್ಥೆ ಮೊದಲೇ ಸಿದ್ಧಪಡಿಸಿದ್ದ ದೇಶಸಂಕೇತಗಳ ಪಟ್ಟಿಯನ್ನೇ ಎತ್ತಿಕೊಂಡರು. ಅದರಲ್ಲಿ ಭಾರತಕ್ಕೆ ‘ಇನ್’ ಎಂದಿತ್ತು. ಪೋಸ್ಟೆಲ್ 1994ರಲ್ಲಿ ಬರೆದಿಟ್ಟ ದಾಖಲೆಯಲ್ಲಿ ಇನ್ನೊಂದು ಮಾತೂ ಇದೆ. ದೇಶದ ಕೊಂಬೆಯನ್ನು ನೋಡಿಕೊಳ್ಳುವವರು ಅದರ ಮಾಲೀಕರಲ್ಲ, ಜನರ ಪರವಾಗಿ ಕಾಯುವ ಧರ್ಮದರ್ಶಿಗಳು ಎಂಬುದು ಅದರ ಸಾರ. ದೇಶದ ಒಳಗಿನ ನಿಯಮಗಳನ್ನು ಆ ದೇಶವೇ ಮಾಡಿಕೊಳ್ಳುತ್ತದೆ. ‘ಡಾಟ್ ಕಾಮ್’ನಂಥ ಸಾರ್ವತ್ರಿಕ ಹೆಸರುಗಳಿಗೆ 1998ರಲ್ಲಿ ಹುಟ್ಟಿದ ಐಕ್ಯಾನ್ ಸಂಸ್ಥೆಯ ವರ್ಗಾವಣೆ ನಿಯಮ ಇದೆ. ದೇಶಸಂಕೇತದ ಹೆಸರುಗಳಿಗೆ ಅದು ಅನ್ವಯಿಸುವುದಿಲ್ಲ. ಬ್ರಿಟನ್ನಿನದು ಒಂದು ರೀತಿ, ಜರ್ಮನಿಯದು ಇನ್ನೊಂದು ರೀತಿ ಎಂದಾಗಿರುವುದು ಇದರಿಂದಲೇ.

ಡಾಟ್ ಇನ್‌ನ ಕಥೆ

ಭಾರತಕ್ಕೆ ಡಾಟ್ ಇನ್ ದೊರೆತದ್ದು 1989ರಲ್ಲಿ. ಆಗ ದೇಶದಲ್ಲಿ ಇಂಟರ್ನೆಟ್ ಎಂದರೆ ಬಹುಮಟ್ಟಿಗೆ ಅರ್ನೆಟ್. ಇದು ವಿದ್ಯಾಸಂಸ್ಥೆಗಳನ್ನು ಜೋಡಿಸಲು 1986ರಲ್ಲಿ ಶುರುವಾದ ಜಾಲ. ಅದರ ಮೊದಲ ಎಂಟು ಕೇಂದ್ರಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಆ ಸಂಸ್ಥೆಯ ವಿಳಾಸ ಬಹುಕಾಲ ‘ಅರ್ನೆಟ್ ಡಾಟ್ ಇನ್’ ಎಂದೇ ಮುಗಿಯುತ್ತಿತ್ತು. ಈಗ ಅದು ‘ಎಸಿ ಡಾಟ್ ಇನ್’ ಆಗಿದೆ.

ಡಾಟ್ ಇನ್ ದಫ್ತರವನ್ನು ಮುಂಬೈಯ ರಾಷ್ಟ್ರೀಯ ಸಾಫ್ಟ್‌ವೇರ್ ತಂತ್ರಜ್ಞಾನ ಕೇಂದ್ರ ನೋಡಿಕೊಳ್ಳುತ್ತಿತ್ತು. ಹೆಸರು ಪಡೆಯುವುದು ಆಗ ಸುಲಭವಾಗಿರಲಿಲ್ಲ. ಕಾಗದಪತ್ರ ಬೇಕು, ಕಾರಣ ಹೇಳಬೇಕು, ಕಾಯಬೇಕು. 2004ರ ವೇಳೆಗೂ ಇಷ್ಟು ದೊಡ್ಡ ದೇಶದಲ್ಲಿ ಇದ್ದದ್ದು ಕೆಲವೇ ಸಾವಿರ ಹೆಸರುಗಳು. ಆಗ ಭಾರತ ಸರ್ಕಾರ ಹೊಸ ನೀತಿ ಪ್ರಕಟಿಸಿ, 2003ರಲ್ಲಿ ಸ್ಥಾಪನೆಯಾಗಿದ್ದ ನಿಕ್ಸಿ ಎಂಬ ಲಾಭರಹಿತ ಕಂಪನಿಗೆ ಹೊಣೆ ವಹಿಸಿತು. 2005ರ ಫೆಬ್ರುವರಿಯಲ್ಲಿ ಬಾಗಿಲು ಸಾರ್ವಜನಿಕರಿಗೆ ತೆರೆಯಿತು. ಹಲವು ರಿಜಿಸ್ಟ್ರಾರ್‌ಗಳು ಬಂದದ್ದೂ ಆಗಲೇ. ಒಬ್ಬನೇ ಅಂಗಡಿಯವನಿದ್ದಾಗ ಅಂಗಡಿ ಬದಲಾಯಿಸುವ ಪ್ರಶ್ನೆ ಎಲ್ಲಿ? ಅನೇಕ ಅಂಗಡಿಗಳಾದ ಮೇಲೆ ತಾನೇ ‘ಇವನು ಬೇಡ, ಅವನು ಸಾಕು’ ಎನ್ನುವ ಸ್ವಾತಂತ್ರ್ಯ ಹುಟ್ಟಿದ್ದು.

ಇಲ್ಲೊಂದು ಸ್ವಾರಸ್ಯವಿದೆ. ಹೆಸರುಗಳು ಮಾತ್ರವಲ್ಲ, ದಫ್ತರವೇ ಕೈಬದಲಾದ ಉದಾಹರಣೆಯೂ ಉಂಟು. ಡಾಟ್ ಇನ್‌ನ ತಾಂತ್ರಿಕ ಕೆಲಸವನ್ನು 2005ರಿಂದ ಅಫಿಲಿಯಾಸ್ ಎಂಬ ಕಂಪನಿ ನಡೆಸುತ್ತಿತ್ತು. 2019ರಲ್ಲಿ ಅದು ನ್ಯೂಸ್ಟಾರ್ ಎಂಬ ಕಂಪನಿಗೆ ಹೋಯಿತು. 20 ಲಕ್ಷಕ್ಕೂ ಹೆಚ್ಚು ಹೆಸರುಗಳು ಒಂದು ಕಂಪನಿಯ ಯಂತ್ರಗಳಿಂದ ಇನ್ನೊಂದರ ಯಂತ್ರಗಳಿಗೆ ಸಾಗಿದವು. ಜಾಲತಾಣ ನೋಡುತ್ತಿದ್ದ ಜನರಿಗೆ ಅದರ ಸುಳಿವೂ ಇರಲಿಲ್ಲ.

ಬಳ್ಳಾರಿ ಸೀಮೆಯವರಿಗೆ ಇದು ಹೊಸ ಅನುಭವವೇನಲ್ಲ. ಸಂಡೂರು ಸಂಸ್ಥಾನ 1949ರಲ್ಲಿ ಮದರಾಸು ಪ್ರಾಂತ್ಯಕ್ಕೆ ಸೇರಿತು. 1953ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆ, ಹಂಪಿಗಳು ಆ ಕಡೆ ಹೋದವು. ಸಂಡೂರು, ಕಂಪ್ಲಿಗಳು ಬಳ್ಳಾರಿಯಲ್ಲೇ ಉಳಿದವು. ಹೊಸಪೇಟೆಯ ಯಾವ ಮನೆಯೂ ಅಂಗುಲದಷ್ಟೂ ಕದಲಲಿಲ್ಲ, ತುಂಗಭದ್ರೆ ಹರಿಯುವ ದಾರಿಯೂ ಬದಲಾಗಲಿಲ್ಲ. ಬದಲಾದದ್ದು ಅರ್ಜಿ ಹಿಡಿದು ಹೋಗಬೇಕಾದ ಕಚೇರಿ. ಹೆಸರಿನ ವರ್ಗಾವಣೆಯೂ ಇಷ್ಟೇ. ಜಾಲತಾಣದ ಪುಟಗಳು, ಚಿತ್ರಗಳು, ಮಿಂಚಂಚೆಗಳು ಯಾವುದೋ ಸರ್ವರ್‌ನಲ್ಲಿ ಇದ್ದ ಕಡೆಯೇ ಇರುತ್ತವೆ. ಹೆಸರಿನ ಲೆಕ್ಕ ಬರೆಯುವ ಕಚೇರಿ ಮಾತ್ರ ಬೇರೆಯಾಗುತ್ತದೆ.

ಬೀಗ ಮತ್ತು ಕೀಲಿ

ಮೊಬೈಲ್ ಸಂಖ್ಯೆ ಉಳಿಸಿಕೊಂಡು ಕಂಪನಿ ಬದಲಾಯಿಸುವುದು ಈಗ ಮನೆಮನೆಗೂ ಗೊತ್ತು. ದೇಶದಾದ್ಯಂತ ಈ ಸೌಲಭ್ಯ 2011ರ ಜನವರಿ 20ರಿಂದ ಜಾರಿಗೆ ಬಂತು. 1900ಕ್ಕೆ ಸಂದೇಶ ಕಳುಹಿಸಿದರೆ ಎಂಟಕ್ಷರದ ಸಂಕೇತವೊಂದು ಬರುತ್ತದೆ. ಅದನ್ನು ಹೊಸ ಕಂಪನಿಗೆ ಕೊಡಬೇಕು. ಡೊಮೇನ್ ಹೆಸರಿನ ವರ್ಗಾವಣೆಯೂ ಇದರ ಅಣ್ಣನಂತೆಯೇ ಇದೆ. ವಯಸ್ಸಿನಲ್ಲೂ ಹಿರಿಯದೇ.

ಪ್ರತಿ ಹೆಸರಿಗೂ ರಿಜಿಸ್ಟ್ರಿಯಲ್ಲಿ ಒಂದು ಗುಪ್ತಸಂಕೇತ ಇರುತ್ತದೆ. ಇದನ್ನು ಆಥ್ ಕೋಡ್ ಅಥವಾ ಇಪಿಪಿ ಕೋಡ್ ಎನ್ನುತ್ತಾರೆ. ಇಪಿಪಿ ಎಂಬುದು ರಿಜಿಸ್ಟ್ರಾರ್‌ನ ಕಂಪ್ಯೂಟರು ರಿಜಿಸ್ಟ್ರಿಯ ಕಂಪ್ಯೂಟರಿನೊಡನೆ ಮಾತಾಡುವ ಭಾಷೆ. ‘ಈ ಹೆಸರು ಸೃಷ್ಟಿಸು’, ‘ಈ ಹೆಸರಿನ ಅವಧಿ ಹೆಚ್ಚಿಸು’, ‘ಈ ಹೆಸರನ್ನು ನನಗೆ ವರ್ಗಾಯಿಸು’ ಎಂಬಂಥ ಕೆಲವೇ ಆಜ್ಞೆಗಳ ಭಾಷೆ ಅದು. ವರ್ಗಾಯಿಸು ಎಂಬ ಆಜ್ಞೆಯ ಜೊತೆ ಸರಿಯಾದ ಸಂಕೇತ ಇರಲೇಬೇಕು. ಹಳೆಯ ರಿಜಿಸ್ಟ್ರಾರ್ ಆ ಸಂಕೇತವನ್ನು ಕೊಡುವುದು ಒಡೆಯರಿಗೆ. ಒಡೆಯರು ಅದನ್ನು ಹೊಸ ರಿಜಿಸ್ಟ್ರಾರ್‌ಗೆ ಒಪ್ಪಿಸುತ್ತಾರೆ. ‘ಈ ಹೆಸರಿನ ಒಡೆಯನ ಒಪ್ಪಿಗೆಯಿಂದಲೇ ಬಂದಿದ್ದೇನೆ’ ಎನ್ನುವುದಕ್ಕೆ ಅದೇ ಪುರಾವೆ.

ಸಂಕೇತವನ್ನು ಊಹಿಸಿ ಕದಿಯಲಾಗದೇ? ಗಣಿತ ಬಲ್ಲ ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು. ಇಂಗ್ಲಿಷಿನ ದೊಡ್ಡಕ್ಷರ 26, ಚಿಕ್ಕಕ್ಷರ 26, ಅಂಕಿ 10, ಒಟ್ಟು 62. ಸಂಕೇತ ಎಂಟೇ ಅಕ್ಷರಗಳದೆಂದು ಇಟ್ಟುಕೊಂಡರೂ 62ನ್ನು ಎಂಟು ಸಲ ಗುಣಿಸಿದಷ್ಟು ಸಾಧ್ಯತೆಗಳು. ಅಂದರೆ ಸುಮಾರು 218 ಲಕ್ಷ ಕೋಟಿ. ಸೆಕೆಂಡಿಗೊಂದರಂತೆ ಪ್ರಯತ್ನಿಸಿದರೆ ಎಲ್ಲವನ್ನೂ ಮುಗಿಸಲು ಸುಮಾರು 69 ಲಕ್ಷ ವರ್ಷಗಳು ಬೇಕು! ಕಳ್ಳರು ಈ ದಾರಿ ಹಿಡಿಯುವುದಿಲ್ಲ. ಸಂಕೇತ ಬರುವ ಮಿಂಚಂಚೆ ಪೆಟ್ಟಿಗೆಗೇ ಕನ್ನ ಹಾಕುತ್ತಾರೆ, ಇಲ್ಲವೇ ‘ರಿಜಿಸ್ಟ್ರಾರ್ ಕಚೇರಿಯಿಂದ ಮಾತಾಡುತ್ತಿದ್ದೇವೆ’ ಎಂದು ಫೋನು ಮಾಡಿ ಒಡೆಯರಿಂದಲೇ ಹೇಳಿಸಿಕೊಳ್ಳುತ್ತಾರೆ. ಓ.ಟಿ.ಪಿ. ಹೇಳಬಾರದೆಂದು ಮಕ್ಕಳು ಅಜ್ಜ-ಅಜ್ಜಿಯರಿಗೆ ಹೇಳಿಕೊಡುತ್ತಾರಲ್ಲ, ಆಥ್ ಕೋಡಿಗೂ ಅದೇ ಎಚ್ಚರಿಕೆ ಸಲ್ಲುತ್ತದೆ.

ಕೀಲಿಯ ಜೊತೆ ಬೀಗವೂ ಇದೆ. ಹೆಸರಿನ ದಾಖಲೆಯಲ್ಲಿ ‘ಕ್ಲೈಂಟ್ ಟ್ರಾನ್ಸ್‌ಫರ್ ಪ್ರೊಹಿಬಿಟೆಡ್’ ಎಂದಿದ್ದರೆ ರಿಜಿಸ್ಟ್ರಾರ್ ಬೀಗ ಹಾಕಿದ್ದಾನೆ ಎಂದರ್ಥ. ಒಡೆಯರು ತಮ್ಮ ಖಾತೆಗೆ ಹೋಗಿ ಅದನ್ನು ತೆಗೆಸಬಹುದು. ‘ಸರ್ವರ್ ಟ್ರಾನ್ಸ್‌ಫರ್ ಪ್ರೊಹಿಬಿಟೆಡ್’ ಎಂದಿದ್ದರೆ ಬೀಗ ಹಾಕಿರುವುದು ರಿಜಿಸ್ಟ್ರಿ. ಅದನ್ನು ರಿಜಿಸ್ಟ್ರಾರ್ ತೆಗೆಯಲಾರ. ಬೀಗ ಬಿದ್ದಿರುವಾಗ ಸಂಕೇತ ಸರಿಯಿದ್ದರೂ ವರ್ಗಾವಣೆ ಆಗುವುದಿಲ್ಲ. ಬೀಗವನ್ನು ಸದಾ ಹಾಕಿಯೇ ಇಟ್ಟು, ವರ್ಗಾವಣೆಯ ದಿನ ಮಾತ್ರ ತೆಗೆಸುವುದು ಒಳ್ಳೆಯದು.

ಬೀಗದ ಬೆಲೆ ಜಗತ್ತಿಗೆ ಗೊತ್ತಾದದ್ದು 2005ರ ಜನವರಿಯಲ್ಲಿ. ಐಕ್ಯಾನ್‌ನ ಹೊಸ ವರ್ಗಾವಣೆ ನಿಯಮ 2004ರ ನವೆಂಬರಿನಲ್ಲಷ್ಟೇ ಜಾರಿಯಾಗಿತ್ತು. ಹಳೆಯ ರಿಜಿಸ್ಟ್ರಾರ್‌ಗಳು ಸುಮ್ಮನೆ ಕುಳಿತು ಗ್ರಾಹಕರನ್ನು ಸತಾಯಿಸುತ್ತಿದ್ದರೆಂದು, ‘ನಿಗದಿತ ದಿನಗಳೊಳಗೆ ಉತ್ತರ ಬರದಿದ್ದರೆ ಒಪ್ಪಿಗೆಯೆಂದೇ ಭಾವಿಸಲಾಗುವುದು’ ಎಂದು ನಿಯಮ ಬದಲಿಸಿದ್ದರು. ಎರಡು ತಿಂಗಳಾಗಿತ್ತು. ನ್ಯೂಯಾರ್ಕಿನ ಪ್ಯಾನಿಕ್ಸ್ ಎಂಬ ಹಳೆಯ ಇಂಟರ್ನೆಟ್ ಸೇವಾ ಸಂಸ್ಥೆಯ ‘ಡಾಟ್ ಕಾಮ್’ ಹೆಸರು ಒಂದು ಶನಿವಾರ ಇದ್ದಕ್ಕಿದ್ದಂತೆ ಆಸ್ಟ್ರೇಲಿಯಾದ ರಿಜಿಸ್ಟ್ರಾರ್ ಒಂದಕ್ಕೆ ವರ್ಗವಾಗಿಬಿಟ್ಟಿತು. ಸಂಸ್ಥೆಯವರಿಗೆ ವಿಷಯವೇ ತಿಳಿದಿರಲಿಲ್ಲ. ಗ್ರಾಹಕರ ಅಂಚೆಯೆಲ್ಲ ಅಪರಿಚಿತರ ಕಡೆಗೆ ತಿರುಗಿತು. ವಾರಾಂತ್ಯದ ರಜೆಯಾದ್ದರಿಂದ ದೂರು ಕೇಳುವವರೂ ಸಿಗಲಿಲ್ಲ. ಹೆಸರು ಹಿಂದಿರುಗಿದ್ದು ಸೋಮವಾರದ ಹೊತ್ತಿಗೆ. ಮೌನವನ್ನು ಸಮ್ಮತಿಯೆಂದು ಎಣಿಸುವ ನಿಯಮ ಗ್ರಾಹಕರಿಗೆ ಉಪಕಾರವನ್ನೂ ಮಾಡುತ್ತದೆ, ಬೀಗ ಹಾಕದ ಮನೆಗೆ ಅಪಾಯವನ್ನೂ ತರುತ್ತದೆ.

ದಿನಗಳ ಲೆಕ್ಕ

ಡಾಟ್ ಇನ್ ಹೆಸರು ಹೊಸದಾಗಿ ನೋಂದಣಿಯಾದ ಮೊದಲ 60 ದಿನ ಅದನ್ನು ಬೇರೆ ರಿಜಿಸ್ಟ್ರಾರ್‌ಗೆ ಒಯ್ಯುವಂತಿಲ್ಲ. ಒಮ್ಮೆ ವರ್ಗಾವಣೆಯಾದ ಮೇಲೂ ಸಾಮಾನ್ಯವಾಗಿ ಇಷ್ಟೇ ದಿನ ಕಾಯಬೇಕು. ಕಾರಣ ಸರಳವಾಗಿದೆ. ಕದ್ದ ಮಾಲನ್ನು ಕಳ್ಳ ಕೈಯಿಂದ ಕೈಗೆ ದಾಟಿಸಿಬಿಟ್ಟರೆ ಜಾಡು ಹಿಡಿಯುವುದು ಕಷ್ಟ. ಕದ್ದ ಕಾರ್ಡಿನ ಹಣದಿಂದ ಹೆಸರು ಕೊಂಡಿದ್ದರೂ ಅದು ಬಯಲಾಗಲು ಇಷ್ಟು ಸಮಯ ಬೇಕಾದೀತು. ಮೊಬೈಲ್ ಸಂಖ್ಯೆಗೂ 90 ದಿನ ಆಗಿರಬೇಕೆಂಬ ನಿಯಮ ಇರುವುದು ನೆನಪಿರಲಿ.

ಹೊಸ ರಿಜಿಸ್ಟ್ರಾರ್ ಆಜ್ಞೆ ಕಳುಹಿಸಿದ ಮೇಲೆ ಹಳೆಯವನಿಗೆ ಸಾಮಾನ್ಯವಾಗಿ ಐದು ದಿನ ಅವಕಾಶ. ಅಷ್ಟರಲ್ಲಿ ಅವನು ತಕರಾರು ತೆಗೆಯದಿದ್ದರೆ ಹೆಸರು ತಾನಾಗಿ ದಾಟುತ್ತದೆ. ‘ಗ್ರಾಹಕ ನನ್ನನ್ನು ಬಿಟ್ಟುಹೋಗುತ್ತಿದ್ದಾನೆ’ ಎಂಬುದು ತಕರಾರಿಗೆ ಕಾರಣವಾಗಲಾರದು. ವ್ಯಾಜ್ಯ ನಡೆಯುತ್ತಿದ್ದರೆ, ಒಡೆತನದ ಬಗ್ಗೆ ಅನುಮಾನವಿದ್ದರೆ ಮಾತು ಬೇರೆ.

ವರ್ಗಾವಣೆಗೆ ಹೊಸ ರಿಜಿಸ್ಟ್ರಾರ್ ಒಂದು ವರ್ಷದ ಶುಲ್ಕ ಪಡೆಯುತ್ತಾನೆ. ಅದು ವ್ಯರ್ಥವಾಗುವುದಿಲ್ಲ, ಹೆಸರಿನ ಅವಧಿ ಒಂದು ವರ್ಷ ಮುಂದೆ ಹೋಗುತ್ತದೆ. ಉದಾಹರಣೆಗೆ 2026ರ ಸೆಪ್ಟೆಂಬರ್ 30ಕ್ಕೆ ಮುಗಿಯಬೇಕಾದ ಹೆಸರನ್ನು ಅದೇ ವರ್ಷ ಜೂನ್‌ನಲ್ಲಿ ವರ್ಗಾಯಿಸಿದರೆ ಅವಧಿ ಮುಗಿಯುವುದು 2027ರ ಸೆಪ್ಟೆಂಬರ್ 30ಕ್ಕೆ. ಉಳಿದಿದ್ದ ಮೂರು ತಿಂಗಳು ಎಲ್ಲಿಯೂ ಹೋಗುವುದಿಲ್ಲ. ಕಡೆಯ ದಿನದವರೆಗೆ ಕಾದರೆ ಉಳಿತಾಯವಾಗುತ್ತದೆಂದು ಕೆಲವರು ತಿಳಿಯುತ್ತಾರೆ. ಅದು ತಪ್ಪು ಲೆಕ್ಕ. ಕಡೆಯ ದಿನ ಬೀಗ ತೆಗೆಸುವುದು, ಸಂಕೇತ ತರಿಸುವುದು, ಐದು ದಿನ ಕಾಯುವುದು ಎಲ್ಲ ಆಗುವಷ್ಟರಲ್ಲಿ ಅವಧಿ ಮುಗಿದು ಜಾಲತಾಣ ಮುಚ್ಚಿಹೋದೀತು. ತಿಂಗಳ ಮೊದಲೇ ಶುರುಮಾಡುವುದು ಕ್ಷೇಮ.

ಅವಧಿ ಮುಗಿದ ಹೆಸರು ಕೂಡಲೇ ಪರರ ಪಾಲಾಗುವುದಿಲ್ಲ. ಕೆಲವು ದಿನ ರಿಜಿಸ್ಟ್ರಾರ್ ಬಳಿ ಮಾಮೂಲು ಶುಲ್ಕಕ್ಕೇ ಸಿಗಬಹುದು. ಆಮೇಲೆ 30 ದಿನ ‘ವಿಮೋಚನೆ’ಯ ಗಡುವು, ಆಗ ದಂಡ ಬಲು ಜೋರು. ಆ ಬಳಿಕ ಐದು ದಿನ ಯಾರೂ ಮುಟ್ಟುವಂತಿಲ್ಲ. ಆರನೆಯ ದಿನ ಹೆಸರು ಬಯಲಿಗೆ ಬೀಳುತ್ತದೆ. ಹೀಗೆ ಬೀಳುವ ಹೆಸರುಗಳನ್ನು ಹಿಡಿಯಲೆಂದೇ ಕಂಪ್ಯೂಟರ್ ತೆರೆದು ಕಾಯುವ ವ್ಯಾಪಾರಿಗಳಿದ್ದಾರೆ. ಹೆಸರುವಾಸಿಯಾದ ಶಾಲೆಯೊಂದರ ಹಳೆಯ ವಿಳಾಸ ಒತ್ತಿದರೆ ಜೂಜಿನ ಜಾಹೀರಾತು ತೆರೆದುಕೊಳ್ಳುವ ಮುಜುಗರಕ್ಕೆ ಇದೇ ಮೂಲ.

ಹೆಸರು ನಿಜವಾಗಿ ಯಾರದು?

ನಿಯಮಗಳಿಗಿಂತ ಹೆಚ್ಚು ಜನರನ್ನು ಕೆಡವುವುದು ಈ ಪ್ರಶ್ನೆ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ ಕುಶಲಕರ್ಮಿಗಳ ಕೆಲಸ ಗಿನ್ನೆಸ್ ದಾಖಲೆಯನ್ನೂ ಸೇರಿತು. ಚೋರನೂರು ಸುತ್ತಿನ ತಾಂಡಾದ ಕೆಲವು ಹೆಂಗಸರು ಕೂಡಿ ತಮ್ಮದೇ ಒಂದು ಗುಂಪು ಕಟ್ಟಿ, ಕಸೂತಿ ಮಾರಲು ಜಾಲತಾಣ ಮಾಡಿಸುತ್ತಾರೆಂದು ಊಹಿಸಿಕೊಳ್ಳಿ. ಪಟ್ಟಣದ ಕಂಪ್ಯೂಟರ್ ಅಂಗಡಿಯವನು ‘ಎಲ್ಲ ನಾನೇ ನೋಡಿಕೊಳ್ಳುತ್ತೇನೆ’ ಎಂದು ಹೆಸರು ನೋಂದಾಯಿಸುತ್ತಾನೆ. ಹಣ ಗುಂಪಿನದು. ಆದರೆ ನೋಂದಣಿ ಪತ್ರದಲ್ಲಿ ಬರೆದ ಹೆಸರು ಅಂಗಡಿಯವನದು, ಮಿಂಚಂಚೆ ಅವನದು, ಫೋನೂ ಅವನದು.

ನಾಲ್ಕು ವರ್ಷ ಕಳೆಯುತ್ತದೆ. ಚೀಲದ ಮೇಲೆ, ಚೀಟಿಯ ಮೇಲೆ, ಬ್ಯಾಂಕಿನ ಅರ್ಜಿಯ ಮೇಲೆ ಎಲ್ಲೆಲ್ಲೂ ಆ ಹೆಸರೇ ಅಚ್ಚಾಗಿರುತ್ತದೆ. ಆಮೇಲೆ ಅಂಗಡಿಯವನು ಅಂಗಡಿ ಮುಚ್ಚುತ್ತಾನೆ, ಇಲ್ಲವೇ ಶುಲ್ಕವನ್ನು ನಾಲ್ಕು ಪಟ್ಟು ಕೇಳುತ್ತಾನೆ. ವರ್ಗಾವಣೆಗೆ ಸಂಕೇತ ಬೇಕು. ರಿಜಿಸ್ಟ್ರಾರ್ ಅದನ್ನು ಕಳುಹಿಸುವುದು ದಾಖಲೆಯಲ್ಲಿರುವ ಒಡೆಯನಿಗೆ. ದಾಖಲೆಯ ಪ್ರಕಾರ ಒಡೆಯ ಅಂಗಡಿಯವನು! ರಶೀದಿ ತೋರಿಸಿ, ಪತ್ರ ಬರೆದು, ಬೇಕಾದರೆ ನ್ಯಾಯಾಲಯಕ್ಕೂ ಹೋಗಿ ಹಕ್ಕು ಸಾಧಿಸಬಹುದು. ಆದರೆ ಅಷ್ಟು ದಿನ ಮಾರಾಟ ನಿಂತಿರುತ್ತದೆ.

ಶಾಲೆಗಳಲ್ಲಿ ಇದರದೇ ಇನ್ನೊಂದು ರೂಪ ಕಾಣುತ್ತದೆ. ಕಂಪ್ಯೂಟರ್ ಬಲ್ಲ ಮೇಷ್ಟ್ರೊಬ್ಬರು ಉತ್ಸಾಹದಿಂದ ತಮ್ಮ ಸ್ವಂತ ಮಿಂಚಂಚೆ ಕೊಟ್ಟು ಶಾಲೆಯ ಹೆಸರು ನೋಂದಾಯಿಸುತ್ತಾರೆ. ಮುಂದೆ ಅವರಿಗೇ ಬೇರೆ ತಾಲ್ಲೂಕಿಗೆ ವರ್ಗವಾಗುತ್ತದೆ. ಮೇಷ್ಟ್ರ ವರ್ಗಾವಣೆ ಸುಲಭವಾಗಿ ಆಯಿತು, ಹೆಸರಿನ ವರ್ಗಾವಣೆ ಕೂತಲ್ಲೇ ಕೂತಿತು ಎನ್ನುವಂತಾಗುತ್ತದೆ. ನವೀಕರಣದ ಎಚ್ಚರಿಕೆಗಳೂ ಅವರ ಪೆಟ್ಟಿಗೆಗೇ ಹೋಗುತ್ತಿರುತ್ತವೆ. ಹೆಸರನ್ನು ಸಂಸ್ಥೆಯ ಹೆಸರಿನಲ್ಲೇ ನೋಂದಾಯಿಸಿ, ಸಂಸ್ಥೆಗೆಂದೇ ತೆರೆದ ಮಿಂಚಂಚೆಯನ್ನು ಕೊಟ್ಟು, ಅದರ ಗುಪ್ತಪದವನ್ನು ಮುಖ್ಯೋಪಾಧ್ಯಾಯರ ಕಪಾಟಿನಲ್ಲಿ ಲಕೋಟೆಯಲ್ಲಿಟ್ಟರೆ ಮುಗಿಯಿತು. ಇದಕ್ಕೆ ಖರ್ಚು ಇಲ್ಲ. ಆದರೂ ಮಾಡುವವರು ಕಡಿಮೆ. ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಪೋಷಕರು ಬಣ್ಣ-ಸುಣ್ಣದ ಲೆಕ್ಕ ಕೇಳುವಂತೆ ಇದನ್ನೂ ಕೇಳಬೇಕು.

ದಾಖಲೆಯಲ್ಲಿ ಏನಿದೆ ಎಂದು ನೋಡಲು ‘ಹೂ ಈಸ್’ ಎಂಬ ಸಾರ್ವಜನಿಕ ಸೌಲಭ್ಯವಿದೆ. ಹೆಸರು ಬರೆದರೆ ರಿಜಿಸ್ಟ್ರಾರ್ ಯಾರು, ನೋಂದಣಿ ಎಂದು ಆಯಿತು, ಎಂದು ಮುಗಿಯುತ್ತದೆ, ಬೀಗ ಇದೆಯೇ ಎಂಬುದೆಲ್ಲ ಕಾಣುತ್ತದೆ. ಒಡೆಯರ ಖಾಸಗಿ ವಿವರಗಳನ್ನು ಸಾಮಾನ್ಯವಾಗಿ ಮರೆಮಾಡಿರುತ್ತಾರೆ. ಹತ್ತನೆಯ ತರಗತಿಯ ವಿದ್ಯಾರ್ಥಿ ಐದು ನಿಮಿಷದಲ್ಲಿ ತನ್ನ ಶಾಲೆಯ ಹೆಸರನ್ನು ಪರೀಕ್ಷಿಸಬಹುದು.

ಜಾಲತಾಣ ಕತ್ತಲಾಗುವುದೇಕೆ?

ಲೆಕ್ಕದ ಕಚೇರಿಯಷ್ಟೇ ಬದಲಾಗುವುದಾದರೆ ವರ್ಗಾವಣೆಯ ಮರುದಿನ ಕೆಲವು ಜಾಲತಾಣಗಳು ಸ್ಥಗಿತವಾಗುವುದೇಕೆ? ಇದಕ್ಕೆ ಹೆಸರು ಹುಡುಕುವ ಕ್ರಮವನ್ನು ಸ್ವಲ್ಪ ತಿಳಿಯಬೇಕು. ಚೋರನೂರಿನಲ್ಲಿ ಕುಳಿತವರು ಒಂದು ವಿಳಾಸ ಒತ್ತಿದರೆ ಪ್ರಶ್ನೆ ಮೊದಲು ಬೇರಿನ ಸರ್ವರ್‌ಗೆ ಹೋಗುತ್ತದೆ. ಅದು ‘ಡಾಟ್ ಇನ್ ಬಗ್ಗೆ ಅವರನ್ನು ಕೇಳಿ’ ಎಂದು ಡಾಟ್ ಇನ್ ಸರ್ವರ್ ಕಡೆ ಬೆರಳು ತೋರಿಸುತ್ತದೆ. ಅದು ಮತ್ತೆ ‘ಈ ಹೆಸರಿನ ಲೆಕ್ಕ ಇಂಥ ನೇಮ್ ಸರ್ವರ್ ಬಳಿ ಇದೆ’ ಎನ್ನುತ್ತದೆ. ಆ ನೇಮ್ ಸರ್ವರ್ ಕೊನೆಗೆ ಜಾಲತಾಣವಿರುವ ಯಂತ್ರದ ಸಂಖ್ಯೆ ಹೇಳುತ್ತದೆ. ಇಷ್ಟೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ.

ವರ್ಗಾವಣೆಯಾದಾಗ ಈ ನೇಮ್ ಸರ್ವರ್‌ನ ವಿವರ ಹಾಗೆಯೇ ಉಳಿಯುತ್ತದೆ. ಆದರೆ ಅನೇಕರು ಹಳೆಯ ರಿಜಿಸ್ಟ್ರಾರ್ ಉಚಿತವಾಗಿ ಕೊಟ್ಟ ನೇಮ್ ಸರ್ವರನ್ನೇ ಬಳಸುತ್ತಿರುತ್ತಾರೆ. ಗ್ರಾಹಕ ಹೋದ ಮೇಲೆ ಅವನೇಕೆ ಉಚಿತ ಸೇವೆ ಮುಂದುವರಿಸಿಯಾನು? ಅವನು ದೀಪ ಆರಿಸಿದೊಡನೆ ಜಾಲತಾಣ, ಅಂಚೆ ಎರಡೂ ಕತ್ತಲು. ಹೀಗಾಗದಂತೆ ಮೊದಲು ಹೊಸ ಕಡೆಯಲ್ಲಿ ನೇಮ್ ಸರ್ವರ್ ಸಿದ್ಧಪಡಿಸಿ, ದಾಖಲೆಗಳನ್ನೆಲ್ಲ ನಕಲು ಮಾಡಿ, ವಿಳಾಸವನ್ನು ಅತ್ತ ತಿರುಗಿಸಿ, ಎರಡು ದಿನ ನೋಡಿ, ಆಮೇಲೆ ವರ್ಗಾವಣೆಗೆ ಕೈ ಹಾಕಬೇಕು. ಎರಡು ದಿನ ಏಕೆಂದರೆ ಜಗತ್ತಿನ ಸರ್ವರ್‌ಗಳು ಹಳೆಯ ಉತ್ತರವನ್ನು ಕೆಲಕಾಲ ನೆನಪಿಟ್ಟುಕೊಂಡಿರುತ್ತವೆ. ಆ ನೆನಪಿನ ಗಡುವನ್ನು ಸೆಕೆಂಡುಗಳಲ್ಲಿ ಬರೆದಿರುತ್ತಾರೆ. 86,400 ಎಂದಿದ್ದರೆ ಸರಿಯಾಗಿ ಒಂದು ದಿನ. ಹಳೆಯ ಮನೆಯ ದೀಪ ಆರಿಸುವ ಮೊದಲು ಹೊಸ ಮನೆಯಲ್ಲಿ ದೀಪ ಹಚ್ಚಬೇಕು, ಅಷ್ಟೆ.

ದೇಶಕ್ಕೊಂದು ನ್ಯಾಯ

ಬ್ರಿಟನ್ನಿನ ‘ಡಾಟ್ ಯುಕೆ’ ಪದ್ಧತಿ ಬಹುಕಾಲ ಭಾರತದ್ದಕ್ಕೆ ತದ್ವಿರುದ್ಧವಾಗಿತ್ತು. ಅಲ್ಲಿ ಗುಪ್ತಸಂಕೇತದ ಗೊಡವೆಯಿಲ್ಲದೆ ಬಹುಕಾಲ ಕೆಲಸ ನಡೆದಿದೆ. ಪ್ರತಿ ರಿಜಿಸ್ಟ್ರಾರ್‌ಗೂ ‘ಟ್ಯಾಗ್’ ಎಂಬ ಗುರುತು ಇರುತ್ತದೆ. ಒಡೆಯರು ಹಳೆಯ ರಿಜಿಸ್ಟ್ರಾರ್‌ಗೆ ಹೇಳಿ ಹೆಸರಿನ ಮೇಲಿನ ಟ್ಯಾಗನ್ನು ಹೊಸಬನ ಟ್ಯಾಗ್‌ಗೆ ಬದಲಾಯಿಸಿಸುತ್ತಿದ್ದರು. ನಮ್ಮಲ್ಲಿ ಹೊಸಬ ಎಳೆದುಕೊಳ್ಳುತ್ತಾನೆ, ಅಲ್ಲಿ ಹಳಬ ತಳ್ಳುತ್ತಿದ್ದ. ಜರ್ಮನಿಯ ‘ಡಾಟ್ ಡಿಇ’ಯಲ್ಲಿ ಸಂಕೇತ ಇದೆ, ಆದರೆ ಅದಕ್ಕೆ 30 ದಿನಗಳ ಆಯುಸ್ಸು. ಈ ಎರಡು ದೇಶಗಳಲ್ಲೂ ವರ್ಗಾವಣೆಗೆಂದು ಅವಧಿಗೆ ಒಂದು ವರ್ಷ ಸೇರುವ ಪದ್ಧತಿ ಇರಲಿಲ್ಲ. ಒಂದೇ ಉತ್ತರಕ್ಕೆ ಹಲವು ವಿಧಾನಗಳಿರುವ ಲೆಕ್ಕದಂತೆ ಇದು. ಎಳೆಯುವ ಪದ್ಧತಿಯಲ್ಲಿ ಕಳ್ಳತನದ ಭಯ ಹೆಚ್ಚು, ತಳ್ಳುವ ಪದ್ಧತಿಯಲ್ಲಿ ಹಳಬನ ಸತಾಯಿಸುವಿಕೆ ಹೆಚ್ಚು.

ದೇಶವೇ ಇಲ್ಲವಾದರೆ? ಯುಗೊಸ್ಲಾವಿಯ ಒಡೆದುಹೋದ ಮೇಲೂ ಅದರ ‘ಡಾಟ್ ವೈಯು’ ಬಹುಕಾಲ ಬದುಕಿತ್ತು. ಸರ್ಬಿಯ, ಮಾಂಟೆನೀಗ್ರೊಗಳಿಗೆ ಬೇರೆ ಸಂಕೇತ ಸಿಕ್ಕಿದ ನಂತರ 2010ರ ಮಾರ್ಚ್ 30ರಂದು ಅದನ್ನು ಅಳಿಸಿಹಾಕಿದರು. ಅದರಡಿ ಉಳಿದಿದ್ದ ಹೆಸರುಗಳೆಲ್ಲ ಒಮ್ಮೆಗೇ ಇಲ್ಲವಾದವು. ಅಂಥ ಹೆಸರಿಗೆ ಯಾವ ರಿಜಿಸ್ಟ್ರಾರ್ ತಾನೇ ಆಶ್ರಯ ಕೊಟ್ಟಾನು!

ಎಲ್ಲ ಹೆಸರೂ ಚಲಿಸುವುದಿಲ್ಲ

ಡಾಟ್ ಇನ್ ಒಳಗೇ ಕೆಲವು ಕೊಂಬೆಗಳಿಗೆ ಈ ಸ್ವಾತಂತ್ರ್ಯ ಇಲ್ಲ. ‘ಎಸಿ ಡಾಟ್ ಇನ್’, ‘ಎಡು ಡಾಟ್ ಇನ್’ ಹೆಸರುಗಳನ್ನು ವಿದ್ಯಾಸಂಸ್ಥೆಗಳಿಗೆ ಕೊಡುವುದು ಅರ್ನೆಟ್ ಇಂಡಿಯಾ ಮಾತ್ರ. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ವಿಳಾಸ ಈ ಬಗೆಯದು. ‘ಗವ್ ಡಾಟ್ ಇನ್’ ಹೆಸರುಗಳು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ವಶದಲ್ಲಿವೆ. ಒಂದೇ ಅಂಗಡಿ ಇರುವಲ್ಲಿ ವರ್ಗಾವಣೆಯ ಮಾತೇ ಇಲ್ಲ. ಇದು ಕೊರತೆಯಲ್ಲ, ಭದ್ರತೆ. ಹಣ ಕೊಟ್ಟವರಿಗೆಲ್ಲ ಸಿಗದ ಹೆಸರಾದ್ದರಿಂದಲೇ ನಂಬಿಕೆ ಹುಟ್ಟುತ್ತದೆ. ಎಸ್.ಎಸ್.ಎಲ್.ಸಿ. ಫಲಿತಾಂಶ ನೋಡುವ ಮಕ್ಕಳು ‘ಕರ್‌ರಿಸಲ್ಟ್ಸ್ ಡಾಟ್ ನಿಕ್ ಡಾಟ್ ಇನ್’ ಎಂಬ ವಿಳಾಸವನ್ನು ಕೊನೆಯ ಅಕ್ಷರದವರೆಗೆ ಓದಬೇಕಾದದ್ದು ಇದಕ್ಕಾಗಿ. ಅದನ್ನೇ ಹೋಲುವ, ಆದರೆ ಬೇರೆ ಬಾಲದ ಹೆಸರನ್ನು ಯಾರು ಬೇಕಾದರೂ ಕೊಳ್ಳಬಹುದು.

ಬ್ಯಾಂಕುಗಳ ವಿಷಯದಲ್ಲೂ ಇದೇ ದಾರಿ ಹಿಡಿಯಲಾಗಿದೆ. ಭಾರತೀಯ ರಿಸರ್ವ್ ಬ್ಯಾಂಕು 2025ರಲ್ಲಿ ‘ಬ್ಯಾಂಕ್ ಡಾಟ್ ಇನ್’ ಎಂಬ ಪ್ರತ್ಯೇಕ ಕೊಂಬೆ ತೆರೆದು, ಆ ವರ್ಷದ ಅಕ್ಟೋಬರ್ 31ರೊಳಗೆ ಬ್ಯಾಂಕುಗಳು ಅಲ್ಲಿಗೆ ಬರಬೇಕೆಂದು ಆದೇಶಿಸಿತು. ಗ್ರಾಮೀಣ ಬ್ಯಾಂಕುಗಳು, ಸಹಕಾರಿ ಬ್ಯಾಂಕುಗಳೂ ಇದಕ್ಕೆ ಸೇರಿದ್ದವು. ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆಯೊಂದೇ ಅದರ ರಿಜಿಸ್ಟ್ರಾರ್. ಇದು ರಿಜಿಸ್ಟ್ರಾರ್ ಬದಲಾವಣೆಯಲ್ಲ, ಹೆಸರಿನದೇ ಬದಲಾವಣೆ ಎಂಬ ವ್ಯತ್ಯಾಸ ಗಮನಿಸಿ. ಹೆಸರೇ ಬದಲಾದಾಗ ಹಳೆಯ ಹೆಸರನ್ನು ಕೂಡಲೇ ಬಿಟ್ಟುಕೊಡಬಾರದು, ಶುಲ್ಕ ಕಟ್ಟುತ್ತ ಕೆಲವು ವರ್ಷ ಹಿಡಿದಿಟ್ಟುಕೊಳ್ಳಬೇಕು. ಇಲ್ಲವಾದರೆ ಅದನ್ನು ಕೊಂಡವನು ಹಳೆಯ ಗ್ರಾಹಕರಿಗೆ ಬಲೆ ಬೀಸಿಯಾನು.

ಕನ್ನಡ ಲಿಪಿಯಲ್ಲೇ ಬರೆಯುವ ‘ಡಾಟ್ ಭಾರತ’ ಹೆಸರೂ ಈಗ ಇದೆ. ಚೋರನೂರು ಎಂದು ಕನ್ನಡದಲ್ಲೇ ಬರೆದ ವಿಳಾಸ ಅಸಾಧ್ಯವೇನಲ್ಲ. ಒಳಗೆ ಮಾತ್ರ ಕಂಪ್ಯೂಟರು ಅದನ್ನು ಪ್ಯುನಿಕೋಡ್ ಎಂಬ ವಿಧಾನದಿಂದ ಇಂಗ್ಲಿಷ್ ಅಕ್ಷರಗಳ ವಿಚಿತ್ರ ಸರಮಾಲೆಯಾಗಿ ಮಾಡಿಕೊಳ್ಳುತ್ತದೆ. ಇದರ ದಫ್ತರವೂ ನಿಕ್ಸಿಯದೇ. ಆದರೆ ಎಲ್ಲ ರಿಜಿಸ್ಟ್ರಾರ್‌ಗಳೂ ಕನ್ನಡ ಹೆಸರುಗಳನ್ನು ಮಾರುವುದಿಲ್ಲ. ಆದ್ದರಿಂದ ವರ್ಗಾಯಿಸುವ ಮೊದಲು ಹೊಸಬ ಅದನ್ನು ಸ್ವೀಕರಿಸುತ್ತಾನೆಯೇ ಎಂದು ಕೇಳಿಕೊಳ್ಳಬೇಕು.

ಹಳೆಯ ರಿಜಿಸ್ಟ್ರಾರ್ ಸಂಕೇತ ಕೊಡದೆ ಸತಾಯಿಸಿದರೆ ಮೊದಲು ಲಿಖಿತವಾಗಿ ಕೇಳಿ, ಆ ಪತ್ರದ ಪ್ರತಿಯೊಡನೆ ನಿಕ್ಸಿಗೆ ದೂರು ಕೊಡಬಹುದು. ಹೆಸರೇ ತನ್ನದೆಂದು ಇನ್ನೊಬ್ಬ ವಾದಿಸಿದರೆ ಅದಕ್ಕೆ 2005ರಿಂದ ಜಾರಿಯಲ್ಲಿರುವ ಪ್ರತ್ಯೇಕ ವಿವಾದ ಪರಿಹಾರ ನೀತಿ ಇದೆ. ಅಲ್ಲಿ ತೀರ್ಪು ಕೊಡುವವರು ನಿಕ್ಸಿ ನೇಮಿಸುವ ಮಧ್ಯಸ್ಥರು. ಆ ವ್ಯಾಜ್ಯ ಮುಗಿಯುವ ತನಕ ಹೆಸರಿಗೆ ಬೀಗ ಬಿದ್ದಿರುತ್ತದೆ, ಯಾವ ಸಂಕೇತದಿಂದಲೂ ಅದು ತೆರೆಯುವುದಿಲ್ಲ.